ಕಾರಿನ ಮೆಷೀನ್ ಪಾಲಿಶ್ ಮತ್ತು ವ್ಯಾಕ್ಸ್: ಸರಿಯಾದ ಪ್ಯಾಡ್ ಆರಿಸುವ ಸಮಗ್ರ ಮಾರ್ಗದರ್ಶಿ

ಒಳ್ಳೆಯ ಕಾಂಪೌಂಡ್, ಅಂದರೆ ಬಣ್ಣವನ್ನು ಉಜ್ಜಿ ಗೆರೆ ತೆಗೆಯುವ ದ್ರವ ತಂದಾಯಿತು, ಮೆಷೀನ್ ಕೊಂಡಾಯಿತು, ಇಡೀ ಭಾನುವಾರ ಕಾರಿನ ಹಿಂದೆ ಕಳೆದದ್ದೂ ಆಯಿತು. ನೆರಳಲ್ಲಿ ಕಾರು ಹೊಳೆಯುತ್ತದೆ. ಮಾರನೆಯ ದಿನ ಬಿಸಿಲಿಗೆ ತಂದರೆ ಬಾನೆಟ್ ತುಂಬ ಜೇಡರ ಬಲೆಯಂಥ ಗೆರೆಗಳು. ಹಳೆಯವು ಪೂರ್ತಿ ಹೋಗಿಲ್ಲ, ಅವುಗಳ ಮೇಲೆ ಹೊಸವು ಬೇರೆ ಬಂದಿವೆ. ಆಗ ಹೆಚ್ಚಿನವರು ಕಾಂಪೌಂಡ್ ಬದಲಿಸಿ ನೋಡುತ್ತಾರೆ. ಬದಲಿಸಬೇಕಾದದ್ದು ಪ್ಯಾಡ್, ಅಂದರೆ ಮೆಷೀನಿನ ತುದಿಗೆ ಅಂಟಿಸಿ ಉಜ್ಜುವ ಮೆತ್ತೆ.

ಒಂದೇ ಬಾಟಲಿಯ ಕಾಂಪೌಂಡ್ ಉಣ್ಣೆಯ ಪ್ಯಾಡ್ ಮೇಲೆ ಒಂದು ಬಗೆಯಲ್ಲಿ ಕೊರೆಯುತ್ತದೆ, ಮೆತ್ತನೆಯ ಫೋಮ್ ಮೇಲೆ ಬೇರೆಯೇ ಬಗೆಯಲ್ಲಿ. ಎಷ್ಟು ಬಣ್ಣ ಸವೆಯಬೇಕು, ಎಷ್ಟು ಹೊಳಪು ಬರಬೇಕು ಎನ್ನುವುದು ಬಹುಪಾಲು ಪ್ಯಾಡ್ ಮೇಲೆ ನಿಂತಿದೆ. ಹಾಗಾಗಿ ಈ ಬರಹದಲ್ಲಿ ಪ್ಯಾಡ್ ಮೊದಲು, ಬಾಟಲಿ ಆಮೇಲೆ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಡುವೆ ಒಂದನ್ನು ಬಿಟ್ಟರೆ ಮುಂದಿನದು ಕೆಡುತ್ತದೆ.

## ಹಂತ 1: ಮೊದಲು ಬಣ್ಣ ನೋಡಿ, ಆಮೇಲೆ ಅಂಗಡಿಗೆ ಹೋಗಿ

ಕಾರನ್ನು ಶಾಂಪೂ ಹಾಕಿ ತೊಳೆದು, ಒರೆಸಿ, ನೆರಳಿನಲ್ಲಿ ನಿಲ್ಲಿಸಿ. ಮೊಬೈಲ್ ಟಾರ್ಚನ್ನು ಬಾನೆಟ್‌ನಿಂದ ಒಂದಡಿ ಮೇಲೆ ಓರೆಯಾಗಿ ಹಿಡಿದು ನಿಧಾನವಾಗಿ ಸರಿಸಿ. ಬೆಳಕಿನ ಚುಕ್ಕೆಯ ಸುತ್ತ ಕೂದಲೆಳೆಯಂಥ ವೃತ್ತಗಳು ಕಂಡರೆ ಅವು ಸ್ವರ್ಲ್ ಗೆರೆಗಳು. ದಿನ ಬೆಳಗ್ಗೆ ಧೂಳಿನ ಮೇಲೆಯೇ ಒದ್ದೆ ಬಟ್ಟೆ ಎಳೆದು ಒರೆಸುವ ಪದ್ಧತಿ ನಮ್ಮ ಊರುಗಳಲ್ಲಿ ಎಲ್ಲೆಡೆ ಇದೆ, ಈ ಗೆರೆಗಳು ಬಹುಪಾಲು ಬರುವುದು ಅಲ್ಲಿಂದಲೇ. ಇವು ಪಾಲಿಶ್‌ಗೆ ಹೋಗುತ್ತವೆ.

ಬಿಡಿ ಗೀರುಗಳ ಮೇಲೆ ಉಗುರನ್ನು ಅಡ್ಡಲಾಗಿ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಆ ಗೀರು ಪ್ಯಾಡ್‌ಗೆ ಹೋಗುವಂಥದ್ದಲ್ಲ. ಅದರ ಅಂಚುಗಳನ್ನು ಸ್ವಲ್ಪ ಮೃದುಗೊಳಿಸಬಹುದು, ಅಷ್ಟೇ. ಪೂರ್ತಿ ತೆಗೆಯಲು ಹೊರಟರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್‌ಕೋಟ್ ಮುಗಿಯುತ್ತದೆ.

ಆ ಕ್ಲಿಯರ್‌ಕೋಟ್ ಎಷ್ಟು ತೆಳ್ಳಗಿದೆ ಎಂದು ಗೊತ್ತಿದ್ದರೆ ಕೈ ತಾನಾಗಿಯೇ ಹಗುರವಾಗುತ್ತದೆ. ಜೆರಾಕ್ಸ್ ಅಂಗಡಿಯ ಒಂದು ಎ4 ಹಾಳೆಯ ದಪ್ಪ ಸುಮಾರು 100 ಮೈಕ್ರಾನ್. ಕಾರ್ಖಾನೆಯಿಂದ ಬಂದ ಕಾರಿನ ಬಣ್ಣ ಎಲ್ಲ ಪದರ ಸೇರಿ ಸಾಮಾನ್ಯವಾಗಿ 90ರಿಂದ 140 ಮೈಕ್ರಾನ್. ಅದರಲ್ಲಿ ನೀವು ಉಜ್ಜುವ ಮೇಲಿನ ಪಾರದರ್ಶಕ ಪದರ 35ರಿಂದ 50 ಮೈಕ್ರಾನ್, ಅಂದರೆ ಹೆಚ್ಚೆಂದರೆ ಅರ್ಧ ಹಾಳೆ. ಬಿಸಿಲಿನಿಂದ ಬಣ್ಣವನ್ನು ಕಾಯುವುದೂ ಅದೇ ಪದರ. ಒಮ್ಮೆ ಸವೆದದ್ದು ಮತ್ತೆ ಬೆಳೆಯುವುದಿಲ್ಲ.

ಬಣ್ಣದ ದಪ್ಪ ಅಳೆಯುವ ಮೀಟರ್ ಸಿಕ್ಕರೆ ಪ್ರತಿ ಪ್ಯಾನೆಲ್‌ನಲ್ಲಿ ನಾಲ್ಕೈದು ಕಡೆ ಅಳೆದು ಬರೆದುಕೊಳ್ಳಿ. ಒಂದು ಡೋರ್ 110, ಪಕ್ಕದ್ದು 260 ತೋರಿಸಿದರೆ ಎರಡನೆಯದಕ್ಕೆ ಮತ್ತೆ ಬಣ್ಣ ಹೊಡೆದಿದ್ದಾರೆ. ದಪ್ಪ ಇದೆ ಎಂದು ಅಲ್ಲಿ ಧೈರ್ಯ ಮಾಡಬೇಡಿ. ಗ್ಯಾರೇಜಿನ ಬಣ್ಣ ಕಾರ್ಖಾನೆಯದಕ್ಕಿಂತ ಮೆತ್ತಗಿರಬಹುದು, ಅಡಿಯಲ್ಲಿ ಪುಟ್ಟಿಯೂ ಇರಬಹುದು. ಪ್ಲಾಸ್ಟಿಕ್ ಬಂಪರ್ ಮೇಲೆ ಸಾಮಾನ್ಯ ಮೀಟರ್ ಏನನ್ನೂ ತೋರಿಸದು, ಅಲ್ಲಿ ಎಚ್ಚರಿಕೆಯೇ ಮೀಟರ್.

ಮುಂದೆ ಹೋಗಲೇಬಾರದ ಮೂರು ಸಂದರ್ಭಗಳಿವೆ. ಮ್ಯಾಟ್ ಬಣ್ಣವನ್ನು ಮೆಷೀನಿನಿಂದ ಮುಟ್ಟಬಾರದು, ಅಲ್ಲಲ್ಲಿ ಹೊಳೆಯುವ ತೇಪೆ ಬಿದ್ದರೆ ವಾಪಸು ತರಲಾಗದು. ಬಣ್ಣ ಕಾಯುವ ಪಾರದರ್ಶಕ ಪಿಪಿಎಫ್ ಫಿಲ್ಮ್ ಅಂಟಿಸಿದ್ದರೆ ಅದರ ಮೇಲೆ ಕಾಂಪೌಂಡ್ ಬೇಡ. ಸೆರಾಮಿಕ್ ಕೋಟಿಂಗ್ ಮಾಡಿಸಿದ ಕಾರಿಗೆ ಕಾಂಪೌಂಡ್ ಹೊಡೆದರೆ ಆ ದುಡ್ಡೂ ಉಜ್ಜಿ ಹೋಗುತ್ತದೆ.

ಬೋರ್‌ವೆಲ್ ನೀರಿನ ಬಿಳಿ ಕಲೆಗಳನ್ನು ಪ್ಯಾಡ್‌ನಿಂದ ತೆಗೆಯಲು ಹೋಗಬೇಡಿ. ಅವು ಸುಣ್ಣದ ಪದರ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ತಣ್ಣಗಿರುವ ಪ್ಯಾನೆಲ್ ಮೇಲೆ ಬಟ್ಟೆಯಿಂದ ಹಚ್ಚಿ, ಒಂದೆರಡು ನಿಮಿಷ ಬಿಟ್ಟು ಧಾರಾಳ ನೀರಿನಿಂದ ತೊಳೆಯಿರಿ. ಕಲೆ ಹೋದ ಮೇಲೂ ಅಡಿಯಲ್ಲಿ ಗುಳಿ ಉಳಿದಿದ್ದರೆ ಆಗ ಪಾಲಿಶ್. ಕೈಬೆರಳಿಗೆ ಬಣ್ಣ ಮರಳು ಮರಳಾಗಿ ತಾಗುತ್ತಿದ್ದರೆ ಕ್ಲೇ ಬಾರ್ (ಅಂಟಿದ ಕೊಳೆಯನ್ನು ಎತ್ತುವ ಜೇಡಿಮಣ್ಣಿನಂಥ ಮುದ್ದೆ) ಹಾಕಿ ನುಣ್ಣಗೆ ಮಾಡಿಕೊಳ್ಳಿ. ಈ ಮರಳು ಪ್ಯಾಡ್‌ಗೆ ಹತ್ತಿದರೆ ಎಂಥ ಒಳ್ಳೆಯ ಪ್ಯಾಡ್ ಕೂಡ ಉಪ್ಪುಕಾಗದವಾಗುತ್ತದೆ.

## ಹಂತ 2: ಕೈಯಲ್ಲಿರುವ ಮೆಷೀನ್ ಯಾವುದು?

ಪ್ಯಾಡ್ ಎನ್ನುವುದು ಮೆಷೀನಿಗೆ ತಕ್ಕ ವಸ್ತು. ಮೆಷೀನ್ ಯಾವುದೆಂದು ಹೇಳದೆ ಪ್ಯಾಡ್ ಕೇಳಿದರೆ ಅಂಗಡಿಯವರು ಏನಾದರೂ ಒಂದನ್ನು ಕೊಡುತ್ತಾರೆ.

ಆಂಗಲ್ ಗ್ರೈಂಡರ್. ಕಬ್ಬಿಣ ಕೊಯ್ಯುವ 4 ಇಂಚಿನ ಗ್ರೈಂಡರ್‌ಗೆ ಉಣ್ಣೆ ಪ್ಯಾಡ್ ಸಿಕ್ಕಿಸಿ ಪಾಲಿಶ್ ಮಾಡುವುದನ್ನು ಬಹಳ ಕಡೆ ಕಾಣಬಹುದು. ದಯವಿಟ್ಟು ಮಾಡಬೇಡಿ. ಅದು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ನೇರವಾಗಿ ತಿರುಗುವ ಪಾಲಿಶಿಂಗ್ ಮೆಷೀನಿನ ಕೆಲಸ 600ರಿಂದ 2,000 ಸುತ್ತಿನೊಳಗೆ. ಆ ವೇಗಕ್ಕೆ ಪ್ಯಾಡ್ ಹರಿದು ಹಾರಬಹುದು, ಬಣ್ಣವಂತೂ ಕ್ಷಣದಲ್ಲಿ ಸುಡುತ್ತದೆ. ವೇಗ ತಗ್ಗಿಸುವ ಗುಂಡಿ ಇರುವ ಗ್ರೈಂಡರ್‌ಗಳೂ ಸಾಮಾನ್ಯವಾಗಿ ಬೇಕಾದಷ್ಟು ಕೆಳಗೆ ಇಳಿಯುವುದಿಲ್ಲ.

ರೋಟರಿ. ಪ್ಯಾಡ್ ಒಂದೇ ಅಚ್ಚಿನ ಸುತ್ತ ನೇರವಾಗಿ ತಿರುಗುತ್ತದೆ. ಬೇಗ ಕೊರೆಯುತ್ತದೆ, ಬೇಗ ಬಿಸಿಯೂ ಆಗುತ್ತದೆ. ಬಿಸಿಲಿನಲ್ಲಿ ಕಾಣುವ ಹೊಲೋಗ್ರಾಮ್, ಅಂದರೆ ನೋಡುವ ಕೋನ ಬದಲಾದಂತೆ ಓಡಾಡುವ ನೆರಿಗೆ ಬೆಳಕು, ಇದರದೇ ಗುರುತು. ಉಣ್ಣೆ ಪ್ಯಾಡ್, ದಪ್ಪ ಫೋಮ್ ಇದಕ್ಕೆ. ಮನೆಯಲ್ಲಿ ಮೊದಲ ಸಲ ಮಾಡುವವರಿಗೆ ಬೇಡ.

ಡಿಎ, ಅಂದರೆ ಡ್ಯುಯಲ್ ಆಕ್ಷನ್. ಪ್ಯಾಡ್ ತಿರುಗುವುದರ ಜೊತೆಗೆ ಪುಟ್ಟ ಕಕ್ಷೆಯಲ್ಲಿ ಅಲುಗುತ್ತದೆ. ಹೆಚ್ಚು ಒತ್ತಿದರೆ ತಿರುಗುವುದು ನಿಲ್ಲುತ್ತದೆ, ಹಾಗಾಗಿ ಬಣ್ಣ ಸುಡುವ ಅಪಾಯ ಬಹಳ ಕಡಿಮೆ. ಕಕ್ಷೆಯ ಅಳತೆ 8, 12, 15, 21 ಮಿ.ಮೀ. ಹೀಗೆ ಬರುತ್ತದೆ. ಮನೆಯವರಿಗೆ 15 ಮಿ.ಮೀ. ಚೆನ್ನಾಗಿ ಹೊಂದುತ್ತದೆ. 8 ಮಿ.ಮೀ. ಮೆಷೀನಿನಲ್ಲೂ ಕೆಲಸ ಆಗುತ್ತದೆ, ತಾಳ್ಮೆ ಹೆಚ್ಚು ಬೇಕು. ಅದಕ್ಕೆ ತೆಳು ಪ್ಯಾಡೇ ಬೇಕು.

ಮರಗೆಲಸದ ಸ್ಯಾಂಡರ್ ನೋಡಲು ಡಿಎ ಥರವೇ ಇದ್ದರೂ ಅದರ ಕಕ್ಷೆ ಸಾಮಾನ್ಯವಾಗಿ 2–5 ಮಿ.ಮೀ. ಮಾತ್ರ. ವ್ಯಾಕ್ಸ್ ಹಚ್ಚಲು ಆದೀತು, ಸ್ವರ್ಲ್ ತೆಗೆಯಲು ಆಗದು. ಡ್ರಿಲ್‌ಗೆ ಸಿಕ್ಕಿಸುವ ಅಗ್ಗದ ಸ್ಪಾಂಜ್ ಸೆಟ್ ಹೆಡ್‌ಲೈಟ್ ಉಜ್ಜಲು ಸಾಕು, ಬಾನೆಟ್‌ಗೆ ತರಬೇಡಿ.

ಇಲ್ಲಿಂದ ಮುಂದಿನದೆಲ್ಲ ಡಿಎ ಮೆಷೀನನ್ನು ಮನಸ್ಸಿನಲ್ಲಿಟ್ಟು ಬರೆದದ್ದು.

## ಹಂತ 3: ಬ್ಯಾಕಿಂಗ್ ಪ್ಲೇಟ್ ಮತ್ತು ಪ್ಯಾಡಿನ ಅಳತೆ

ಮೆಷೀನಿನ ತುದಿಯಲ್ಲಿರುವ ವೆಲ್ಕ್ರೋ ತಟ್ಟೆಯೇ ಬ್ಯಾಕಿಂಗ್ ಪ್ಲೇಟ್. ಪ್ಯಾಡ್ ಯಾವಾಗಲೂ ಅದಕ್ಕಿಂತ ದೊಡ್ಡದಿರಬೇಕು. 5 ಇಂಚಿನ ಪ್ಲೇಟ್‌ಗೆ 5.5 ಇಂಚಿನ ಪ್ಯಾಡ್, 6 ಇಂಚಿನದಕ್ಕೆ 6.5. ಆಗ ಸುತ್ತಲೂ ಸುಮಾರು 6 ಮಿ.ಮೀ. ಫೋಮ್ ಹೊರಗೆ ಉಳಿಯುತ್ತದೆ. 5 ಇಂಚಿನ ಪ್ಲೇಟ್‌ಗೆ 5 ಇಂಚಿನ ಪ್ಯಾಡೇ ಹಾಕಿ, ಅದು ಒಂದು ಕಡೆ ಸರಿದು ಕೂತರೆ, ತಿರುಗುವ ಗಟ್ಟಿ ಪ್ಲೇಟಿನ ಅಂಚು ಬಂಪರಿನ ಮಡಿಕೆಗೆ ತಾಗುತ್ತದೆ. ಒಂದೇ ತಾಗು ಸಾಕು, ಬಣ್ಣ ಎದ್ದು ಬರುತ್ತದೆ.

ಪ್ಯಾಡಿನ ದಪ್ಪ 25 ಮಿ.ಮೀ. ಆಸುಪಾಸು ಇರಲಿ. ದಪ್ಪ ಪ್ಯಾಡ್ ಕೈಗೆ ಹಿತ ಎನಿಸಿದರೂ ಮೆಷೀನಿನ ಅಲುಗಾಟವನ್ನು ಅದೇ ನುಂಗಿಬಿಡುತ್ತದೆ, ಬಣ್ಣಕ್ಕೆ ತಲುಪುವುದು ಅರ್ಧ. ನಡುವೆ ತೂತಿರುವ ಪ್ಯಾಡ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಹೆಚ್ಚು ಬಿಸಿಯಾಗುವುದು ನಡುಭಾಗ, ತೂತು ಆ ಬಿಸಿಯನ್ನು ಹೊರಗೆ ಬಿಡುತ್ತದೆ.

ಗಾಜುಗಳ ನಡುವಿನ ಕಂಬಗಳು, ಮಿರರ್, ಹಿಂಬದಿ ಬಾಗಿಲಿನ ನಂಬರ್ ಪ್ಲೇಟ್ ಸುತ್ತಮುತ್ತ, ಹಿಡಿಕೆಯ ಕೆಳಗಿನ ಗುಳಿ, ಇವಕ್ಕೆ 3 ಇಂಚಿನ ಪ್ಲೇಟ್ ಮತ್ತು ಅದಕ್ಕಿಂತ ತುಸು ದೊಡ್ಡ ಪ್ಯಾಡ್ ಬೇಕಾಗುತ್ತದೆ. ಅದಿಲ್ಲದಿದ್ದರೆ ಆ ಜಾಗಗಳನ್ನು ಕೈಯಿಂದ ಮಾಡಿ. ದೊಡ್ಡ ಪ್ಯಾಡನ್ನು ಓರೆ ಮಾಡಿ ತುರುಕಬೇಡಿ.

## ಹಂತ 4: ಯಾವ ಬಗೆಯ ಪ್ಯಾಡ್, ಯಾವ ಕೆಲಸಕ್ಕೆ

ಮೊದಲು ದೊಡ್ಡ ಬಲೆಯೊಂದನ್ನು ದಾಟೋಣ: ಬಣ್ಣ. "ಹಳದಿ ಪ್ಯಾಡ್ ಕೊಡಿ" ಎಂದು ಕೇಳಿ ಕೊಳ್ಳುವುದೇ ಹೆಚ್ಚಿನ ಅನಾಹುತಗಳ ಮೂಲ. ಪ್ಯಾಡಿನ ಬಣ್ಣಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮವಿಲ್ಲ. ಇಟಲಿಯ ರೂಪೆಸ್ ಕಂಪನಿಯ ಫೋಮ್‌ಗಳಲ್ಲಿ ನೀಲಿ ಒರಟು, ಹಸಿರು ಮಧ್ಯಮ, ಹಳದಿ ನಯ, ಬಿಳಿ ಅತಿ ನಯ. ಅಮೆರಿಕದ ಲೇಕ್ ಕಂಟ್ರಿಯ ರೂಢಿಯ ಫೋಮ್ ಸಾಲಿನಲ್ಲಿ ಹಳದಿಯೇ ಎಲ್ಲಕ್ಕಿಂತ ಒರಟು. ಕಿತ್ತಳೆ ಅದಕ್ಕಿಂತ ಹಗುರ, ಬಿಳಿ ಪಾಲಿಶ್‌ಗೆ, ಕಪ್ಪು ಕೊನೆಯ ಹೊಳಪಿಗೆ. ಒಬ್ಬರ ಕೊನೆಯ ಹೊಳಪಿನ ಸಲಹೆ ಕೇಳಿ ಇನ್ನೊಬ್ಬರ ಹಳದಿ ತಂದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಬಣ್ಣ ಬಿಡಿ, ಪೊಟ್ಟಣದ ಮೇಲೆ ಕಟಿಂಗ್, ಪಾಲಿಶಿಂಗ್, ಫಿನಿಶಿಂಗ್ ಎಂದು ಏನು ಬರೆದಿದೆ ಎಂದು ಓದಿ. ಸಾಧ್ಯವಾದರೆ ಎಲ್ಲ ಪ್ಯಾಡ್ ಒಂದೇ ಕಂಪನಿಯವು ತೆಗೆದುಕೊಳ್ಳಿ.

ಬಿಡಿಯಾಗಿ ಮಾರುವ ಹೆಸರಿಲ್ಲದ ಪ್ಯಾಡ್ ಆದರೆ ಕೈಯೇ ಪರೀಕ್ಷೆ. ಹೆಬ್ಬೆರಳಿನಿಂದ ಒಂದು ಸೆಂ.ಮೀ. ಒತ್ತಿ ಬಿಡಿ. ಕಟಿಂಗ್ ಫೋಮ್ ಎದುರಿಸುತ್ತದೆ, ಬಿಟ್ಟ ಕೂಡಲೇ ಪುಟಿದು ಮೇಲೆ ಬರುತ್ತದೆ. ಫಿನಿಶಿಂಗ್ ಫೋಮ್ ಬೆಣ್ಣೆಯಂತೆ ಇಳಿಯುತ್ತದೆ. ಅದೇ ಪ್ಯಾಡನ್ನು ಮೊಣಕೈ ಒಳಭಾಗದ ಚರ್ಮಕ್ಕೆ ಉಜ್ಜಿ ನೋಡಿ, ಕಟಿಂಗ್‌ನದು ತರಚುತ್ತದೆ.

ಉಣ್ಣೆ. ಎಲ್ಲಕ್ಕಿಂತ ಜೋರಾಗಿ ಕೊರೆಯುತ್ತದೆ, ಫೋಮ್‌ಗಿಂತ ತಣ್ಣಗೂ ಇರುತ್ತದೆ. ಆದರೆ ಹಿಂದೆ ತನ್ನದೇ ಗೆರೆ ಬಿಡುತ್ತದೆ, ನೂಲು ಉದುರಿಸುತ್ತದೆ. ಡಿಎಗೆ ಆದರೆ ಗಿಡ್ಡ ಎಳೆಯ ಉಣ್ಣೆ ಪ್ಯಾಡೇ ಬೇಕು, ರೋಟರಿಯ ಉದ್ದ ಎಳೆಯದು ಬೇಡ. ಹೊಸದಾಗಿ ಬಣ್ಣ ಹೊಡೆದ ಪ್ಯಾನೆಲ್‌ನಲ್ಲಿ ಉಪ್ಪುಕಾಗದದ ಗುರುತು ತೆಗೆಯುವಂಥ ಕೆಲಸಕ್ಕೆ ಇದು. ಸಾಧಾರಣ ಮನೆ ಕಾರಿಗೆ ಇದರ ಅಗತ್ಯ ಬೀಳುವುದು ಅಪರೂಪ.

ಮೈಕ್ರೋಫೈಬರ್. ತೆಳು ಫೋಮ್ ಮೇಲೆ ಗಿಡ್ಡ ನೂಲಿನ ಪದರ. ಡಿಎ ಮೆಷೀನಿನಲ್ಲಿ ಗಾಢ ಸ್ವರ್ಲ್‌ಗಳನ್ನು ತೆಗೆಯಲು ಇದು ಬಹಳ ಪರಿಣಾಮಕಾರಿ. ತೊಂದರೆ ಎರಡು: ಬೇಗ ತುಂಬಿಕೊಳ್ಳುತ್ತದೆ, ಮೆತ್ತನೆಯ ಬಣ್ಣದ ಮೇಲೆ ಹಾಲಿನ ತೆಳು ಮಂಜಿನಂಥ ಮಬ್ಬು ಬಿಡುತ್ತದೆ. ಇದನ್ನು ಬಳಸಿದ ಮೇಲೆ ಫೋಮ್‌ನಿಂದ ಎರಡನೆಯ ಸುತ್ತು ಕಡ್ಡಾಯ.

ಫೋಮ್. ಕಟಿಂಗ್, ಪಾಲಿಶಿಂಗ್, ಫಿನಿಶಿಂಗ್ ಎಂದು ಮೂರು ದರ್ಜೆ. ಮೊದಲ ಸಲ ಮಾಡುವವರು ಪಾಲಿಶಿಂಗ್ ಫೋಮ್‌ನಿಂದ ಶುರುಮಾಡಬೇಕು, ಕಟಿಂಗ್‌ನಿಂದಲ್ಲ.

ವ್ಯಾಕ್ಸ್‌ಗೆ ಬೇಕಾದದ್ದು ತೀರ ಮೆತ್ತನೆಯ, ರಂಧ್ರಗಳು ಮುಚ್ಚಿದಂತಿರುವ ಫೋಮ್. ಹೊಸ ಪ್ಯಾಡಿಗೆ ಬಾಯಿ ಇಟ್ಟು ಊದಿ ನೋಡಿ. ಗಾಳಿ ಸಲೀಸಾಗಿ ಆಚೆ ಹೋದರೆ ತೆರೆದ ರಂಧ್ರದ್ದು. ಅದಕ್ಕೆ ವ್ಯಾಕ್ಸ್ ಹಾಕಿದರೆ ಅರ್ಧ ವ್ಯಾಕ್ಸ್ ಫೋಮಿನ ಹೊಟ್ಟೆಗೆ. ಗಾಳಿ ತಡೆದರೆ ಮುಚ್ಚಿದ ರಂಧ್ರದ್ದು, ವ್ಯಾಕ್ಸ್ ಮೇಲೆಯೇ ನಿಂತು ಬಣ್ಣಕ್ಕೆ ಇಳಿಯುತ್ತದೆ.

## ಹಂತ 5: ಎಷ್ಟು ಪ್ಯಾಡ್ ಕೊಳ್ಳಬೇಕು?

ಒಂದು ಕಾರಿಗೆ ಒಂದು ಪ್ಯಾಡ್ ಎಂದುಕೊಂಡವರ ಕೆಲಸ ಎರಡನೆಯ ಡೋರ್‌ಗೇ ಕೆಡುತ್ತದೆ. ಉಜ್ಜಿದ ಬಣ್ಣದ ಪುಡಿ, ಸತ್ತ ಕಾಂಪೌಂಡ್, ಬಿಸಿ ಎಲ್ಲ ಒಂದೇ ಪ್ಯಾಡ್‌ನಲ್ಲಿ ಸೇರಿ ಅದು ಕೊರೆಯುವುದನ್ನು ನಿಲ್ಲಿಸುತ್ತದೆ. ಆಗ ನಾವು ಹೆಚ್ಚು ಒತ್ತುತ್ತೇವೆ. ಅಲ್ಲಿಂದ ತಪ್ಪು ಶುರು.

ಹ್ಯಾಚ್‌ಬ್ಯಾಕ್ ಅಥವಾ ಚಿಕ್ಕ ಸೆಡಾನ್‌ಗೆ ಈ ಲೆಕ್ಕ ಇಟ್ಟುಕೊಳ್ಳಿ: ಪಾಲಿಶಿಂಗ್ ಫೋಮ್ 4, ಕಟಿಂಗ್ ಫೋಮ್ ಅಥವಾ ಮೈಕ್ರೋಫೈಬರ್ 2, ಫಿನಿಶಿಂಗ್ ಫೋಮ್ 2, ವ್ಯಾಕ್ಸ್‌ಗೆ ಮೀಸಲಾದ ಮೆತ್ತನೆಯ ಫೋಮ್ 1. ಪರೀಕ್ಷೆಯಲ್ಲಿ ಇಡೀ ಕಾರಿಗೆ ಮೈಕ್ರೋಫೈಬರೇ ಬೇಕೆಂದು ತಿಳಿದರೆ ಅದನ್ನು ಐದಾರಕ್ಕೆ ಏರಿಸಿ. ದೊಡ್ಡ ಎಸ್‌ಯುವಿಗೆ ಪ್ರತಿಯೊಂದಕ್ಕೂ ಒಂದೆರಡು ಹೆಚ್ಚು. ದುಡ್ಡು ಬಿಗಿಯಾಗಿದ್ದರೆ ಕಾಂಪೌಂಡ್ ಬಾಟಲಿ ಚಿಕ್ಕದು ತೆಗೆದುಕೊಂಡು ಪ್ಯಾಡ್ ಹೆಚ್ಚಿಸಿ.

ಇವುಗಳ ಜೊತೆ ನೈಲಾನ್ ಬ್ರಷ್ ಒಂದು, ಮೈಕ್ರೋಫೈಬರ್ ಬಟ್ಟೆ ಹತ್ತಾದರೂ, ಬಣ್ಣಕ್ಕೆ ಅಂಟು ಬಿಡದ ಮಾಸ್ಕಿಂಗ್ ಟೇಪ್, ಟಾರ್ಚ್, ಮತ್ತು ನೂರಕ್ಕೆ ಹದಿನೈದರಷ್ಟು ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿದ ನೀರಿನ ಸ್ಪ್ರೇ ಬಾಟಲಿ ಇರಲಿ. ಈ ಸ್ಪ್ರೇ ಮರೆಯಬೇಡಿ, ಏಕೆಂದು ಹಂತ 7ರಲ್ಲಿ ತಿಳಿಯುತ್ತದೆ. ಪ್ಯಾಡ್‌ಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿಡಿ. ನೆಲಕ್ಕೆ ಬಿದ್ದ ಪ್ಯಾಡ್ ಆ ದಿನದ ಮಟ್ಟಿಗೆ ಮುಗಿಯಿತು. ಕೊಡವಿ ಮತ್ತೆ ಬಳಸಿದರೆ ಅಂಗಳದ ಒಂದೇ ಮರಳಿನ ಕಣ ಇಡೀ ಬಾನೆಟ್‌ಗೆ ಸುರುಳಿ ಗೀರು ಎಳೆಯುತ್ತದೆ.

## ಹಂತ 6: ಪ್ಯಾಡ್ ಕೂರಿಸುವುದು, ಹದ ಮಾಡುವುದು

ಪ್ಲಗ್ ತೆಗೆದಿರುವಾಗಲೇ ಪ್ಯಾಡ್ ಹಚ್ಚಿ. ಸುತ್ತ ಅಂಚು ಸಮನಾಗಿದೆಯೇ ಎಂದು ಬೆರಳಿಟ್ಟು ನೋಡಿ. ಸರಿಯಿಲ್ಲದಿದ್ದರೆ ಎಳೆದು ಸರಿಸಬೇಡಿ, ಪೂರ್ತಿ ಕಿತ್ತು ಮತ್ತೆ ಕೂರಿಸಿ. ಬ್ಯಾಕಿಂಗ್ ಪ್ಲೇಟಿನ ಬದಿಯಲ್ಲಿ ಪರ್ಮನೆಂಟ್ ಮಾರ್ಕರ್‌ನಿಂದ ಒಂದು ಉದ್ದ ಗೆರೆ ಎಳೆಯಿರಿ. ಕೆಲಸದ ನಡುವೆ ಆ ಗೆರೆ ಸುತ್ತುತ್ತಿದ್ದರೆ ಪ್ಯಾಡ್ ತಿರುಗುತ್ತಿದೆ. ಒಂದೇ ಕಡೆ ನಡುಗುತ್ತ ನಿಂತರೆ ನೀವು ಹೆಚ್ಚು ಒತ್ತುತ್ತಿದ್ದೀರಿ ಅಥವಾ ಮೆಷೀನನ್ನು ಓರೆ ಹಿಡಿದಿದ್ದೀರಿ.

ಒಣಗಿದ ಹೊಸ ಪ್ಯಾಡ್ ಎಣ್ಣೆ ಕಾಣದ ಹೆಂಚಿನ ಹಾಗೆ, ಮೊದಲ ದೋಸೆಯನ್ನು ಹಿಡಿದುಬಿಡುತ್ತದೆ. ಅದಕ್ಕೇ ಹದ ಮಾಡಬೇಕು. ಪ್ಯಾಡಿನ ಮುಖದ ಮೇಲೆ ಕಾಂಪೌಂಡಿನ ಐದಾರು ಬಟಾಣಿ ಗಾತ್ರದ ಹನಿ ಹಾಕಿ, ಬೆರಳಿನಿಂದ ಇಡೀ ಮುಖಕ್ಕೆ ತೆಳ್ಳಗೆ ಸವರಿ. ಫೋಮಿನ ಮೇಲ್ಮೈ ಎಲ್ಲ ಕಡೆ ಒಂದೇ ಸಮ ತೇವ ಕಾಣಬೇಕು, ತೊಟ್ಟಿಕ್ಕಬಾರದು. ಮೈಕ್ರೋಫೈಬರ್‌ಗೆ ಇದು ಇನ್ನೂ ಮುಖ್ಯ: ಪ್ರತಿ ಎಳೆಗೂ ಕಾಂಪೌಂಡ್ ತಾಗಬೇಕು. ಇದು ಪ್ರತಿ ಹೊಸ ಪ್ಯಾಡಿಗೆ ಒಮ್ಮೆ ಮಾತ್ರ. ಮುಂದಿನ ಪ್ರತಿ ಚೌಕಕ್ಕೆ ಮೂರು ಬಟಾಣಿ ಹನಿ ಸಾಕು.

ಹೆಚ್ಚು ಹಾಕಿದರೆ ಹೆಚ್ಚು ಕೊರೆಯುತ್ತದೆ ಎಂಬುದು ತಪ್ಪು ತಿಳುವಳಿಕೆ. ಹೆಚ್ಚಾದ ದ್ರವ ಪ್ಯಾಡಿಗೂ ಬಣ್ಣಕ್ಕೂ ನಡುವೆ ಜಾರುವ ಪದರವಾಗಿ ನಿಲ್ಲುತ್ತದೆ, ಕೊರೆತ ಕಡಿಮೆಯಾಗುತ್ತದೆ.

## ಹಂತ 7: ಪರೀಕ್ಷಾ ಚೌಕ

ಇದನ್ನು ಬಿಟ್ಟವರೇ ಸೋಲುವವರು. ಯಾವ ಪ್ಯಾಡ್ ಬೇಕು ಎಂಬುದಕ್ಕೆ ಉತ್ತರ ನಿಮ್ಮ ಬಾನೆಟ್ ಮೇಲೆಯೇ ಇದೆ. ಒಂದೇ ಮಾದರಿಯ ಎರಡು ಕಾರುಗಳ ಬಣ್ಣವೂ ಬೇರೆ ಬೇರೆ ಥರ ನಡೆದುಕೊಳ್ಳಬಹುದು.

ಬಾನೆಟ್‌ನಲ್ಲಿ ಸಮತಟ್ಟಾದ ಕಡೆ ಟೇಪ್ ಹಚ್ಚಿ ಒಂದೂವರೆ ಅಡಿ ಉದ್ದಗಲದ ಚೌಕ ಮಾಡಿ. ಪ್ಯಾನೆಲ್ ಅಂಗೈಗೆ ತಣ್ಣಗಿರಬೇಕು. ಬೇಸಿಗೆಯಲ್ಲಿ ಬೆಳಗ್ಗೆ ಏಳರಿಂದ ಹತ್ತರೊಳಗೆ, ನೆರಳಿನಲ್ಲಿ ಮಾಡಿ. ಸೌಮ್ಯ ಜೋಡಿಯಿಂದ ಆರಂಭಿಸಿ: ಪಾಲಿಶಿಂಗ್ ಫೋಮ್, ಅದಕ್ಕೆ ನಯವಾದ ಪಾಲಿಶ್, ಅಂದರೆ ಕಾಂಪೌಂಡ್‌ಗಿಂತ ಹಗುರವಾಗಿ ಕೊರೆಯುವ ದ್ರವ.

ಮೆಷೀನ್ ಬಂದ್ ಇರುವಾಗಲೇ ಪ್ಯಾಡನ್ನು ಚೌಕದಲ್ಲಿ ನಾಲ್ಕಾರು ಕಡೆ ಒತ್ತಿ ದ್ರವ ಹಂಚಿ. ಆಮೇಲೆ ಪ್ಯಾಡ್ ಬಣ್ಣದ ಮೇಲಿರುವಂತೆಯೇ ಸ್ವಿಚ್ ಹಾಕಿ. ಗಾಳಿಯಲ್ಲಿ ಹಾಕಿದರೆ ಗೋಡೆ ತುಂಬ ಕಾಂಪೌಂಡ್. ಮೆಷೀನಿನ ವೇಗದ ಡಯಲ್ 1–2ರಲ್ಲಿ ಒಂದು ಸುತ್ತು ಹರಡಿ, ನಂತರ 4–5ಕ್ಕೆ ಏರಿಸಿ. ಕೈ ಸೆಕೆಂಡಿಗೆ ಒಂದಿಂಚಿನಂತೆ ಸಾಗಲಿ. ಪ್ರತಿ ಸಾಲು ಹಿಂದಿನ ಸಾಲಿನ ಅರ್ಧವನ್ನು ಮುಚ್ಚಬೇಕು. ಎಡದಿಂದ ಬಲಕ್ಕೆ ಚೌಕ ಮುಗಿದರೆ, ಮೇಲಿಂದ ಕೆಳಗೆ ಮತ್ತೊಮ್ಮೆ. ಹೀಗೆ ನಾಲ್ಕರಿಂದ ಆರು ಸುತ್ತು. ಮೆಷೀನಿನ ತೂಕಕ್ಕೆ ಕೈಯ ಸ್ವಲ್ಪ ಭಾರ ಸೇರಿದರೆ ಸಾಕು. ಕೊನೆಯ ಸುತ್ತಿನಲ್ಲಿ ಕೈಯ ಭಾರವನ್ನೂ ತೆಗೆಯಿರಿ.

ದ್ರವ ಮೊದಲು ಬೆಳ್ಳಗೆ ಕಾಣುತ್ತದೆ, ಬರಬರುತ್ತ ಎಣ್ಣೆ ಸವರಿದಂಥ ತೆಳು ಪಾರದರ್ಶಕ ಪದರವಾಗುತ್ತದೆ. ಅಲ್ಲಿ ನಿಲ್ಲಿಸಿ. ಬಟ್ಟೆಯಿಂದ ಒರೆಸಿ, ಆಲ್ಕೊಹಾಲ್ ಸ್ಪ್ರೇ ಹೊಡೆದು ಮತ್ತೆ ಒರೆಸಿ. ಎಷ್ಟೋ ಪಾಲಿಶ್‌ಗಳಲ್ಲಿರುವ ಎಣ್ಣೆ ಗೆರೆಗಳೊಳಗೆ ಕೂತು ಅವುಗಳನ್ನು ಮರೆಮಾಡುತ್ತದೆ. ಸ್ಪ್ರೇ ಹೊಡೆಯದೆ ನೋಡಿದರೆ ಎಲ್ಲ ಸರಿಯಾದಂತೆ ಕಾಣುತ್ತದೆ, ಎರಡು ಸಲ ಕಾರು ತೊಳೆದ ಮೇಲೆ ಗೆರೆಗಳು ವಾಪಸು. ಭಾನುವಾರ ಹೊಳೆದು ಮುಂದಿನ ಭಾನುವಾರ ಮಂಕಾಗುವ ಕಾರುಗಳ ಗುಟ್ಟು ಇಷ್ಟೇ.

ಈಗ ಟಾರ್ಚ್ ಹಿಡಿಯಿರಿ. ನೂರಕ್ಕೆ ಎಂಬತ್ತರಷ್ಟು ಗೆರೆ ಹೋಗಿದ್ದರೆ ಅದೇ ಪ್ಯಾಡ್ ಇಡೀ ಕಾರಿಗೆ ಸಾಕು. ಉಳಿದದ್ದನ್ನು ಉಳಿಸಿ, ಕೊನೆಯ ಗೆರೆಯ ಬೆನ್ನು ಹತ್ತುವುದು ಕ್ಲಿಯರ್‌ಕೋಟ್‌ಗೆ ದುಬಾರಿ. ಸಾಲದಿದ್ದರೆ ಒಂದೊಂದೇ ಮೆಟ್ಟಿಲು ಏರಿ. ಮೊದಲು ಅದೇ ಪ್ಯಾಡ್, ಅದಕ್ಕೆ ಕಾಂಪೌಂಡ್. ಆಮೇಲೆ ಕಟಿಂಗ್ ಫೋಮ್. ಆಮೇಲೆ ಮೈಕ್ರೋಫೈಬರ್. ಪ್ಯಾಡ್, ದ್ರವ ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ. ಪ್ರತಿ ಯತ್ನಕ್ಕೂ ಪಕ್ಕದಲ್ಲಿ ಹೊಸ ಚೌಕ ಬಳಸಿ, ಒಂದನ್ನೇ ಮತ್ತೆ ಮತ್ತೆ ಉಜ್ಜಬೇಡಿ.

ಗೆರೆ ಹೋಗಿ ಮಬ್ಬು ಉಳಿದಿದ್ದರೆ ಪ್ಯಾಡ್ ಬಣ್ಣಕ್ಕೆ ಒರಟಾಯಿತೆಂದು ಅರ್ಥ. ಅದರ ಮೇಲೆ ಫಿನಿಶಿಂಗ್ ಫೋಮ್ ಮತ್ತು ನಯ ಪಾಲಿಶ್ ಹಾಕಿ ತಿಳಿಯಾಗುತ್ತದೆಯೇ ನೋಡಿ. ಕಪ್ಪು, ಕಡುನೀಲಿ, ಗಾಢ ಕೆಂಪು ಕಾರುಗಳಿಗೆ ಈ ಎರಡನೆಯ ಸುತ್ತು ಹೆಚ್ಚುಕಡಿಮೆ ಯಾವಾಗಲೂ ಬೇಕು. ಬಿಳಿ, ಬೆಳ್ಳಿ ಬಣ್ಣಕ್ಕೆ ಬಹಳ ಸಲ ಒಂದೇ ಸುತ್ತು ಸಾಕು.

## ಹಂತ 8: ಇಡೀ ಕಾರು, ಮತ್ತು ಪ್ಯಾಡ್ ಕೊಡುವ ಸೂಚನೆಗಳು

ಪ್ಯಾನೆಲ್ ಕೂಡುವ ಅಂಚುಗಳು, ಎದ್ದು ನಿಂತ ಮಡಿಕೆ ಗೆರೆಗಳು, ರಬ್ಬರ್ ಬೀಡಿಂಗ್, ಕಪ್ಪು ಪ್ಲಾಸ್ಟಿಕ್, ಎಲ್ಲಕ್ಕೂ ಟೇಪ್ ಹಚ್ಚಿ. ಬಣ್ಣ ಅತಿ ತೆಳ್ಳಗಿರುವುದು ಚೂಪು ಅಂಚುಗಳಲ್ಲಿ, ಮೆಷೀನಿನ ಭಾರವೆಲ್ಲ ಬೀಳುವುದೂ ಅಲ್ಲೇ. ಟಾಪ್‌ನಿಂದ ಆರಂಭಿಸಿ ಬಾನೆಟ್, ಡೋರ್‌ಗಳು, ಕೊನೆಗೆ ಬಂಪರ್. ಬಂಪರ್‌ಗಳಲ್ಲಿ ವೇಗ ಒಂದು ಅಂಕಿ ಇಳಿಸಿ. ಪ್ಲಾಸ್ಟಿಕ್ ಬಿಸಿಯನ್ನು ಕಬ್ಬಿಣದಂತೆ ಹರಡುವುದಿಲ್ಲ, ಒಂದೇ ಕಡೆ ಹಿಡಿದಿಟ್ಟುಕೊಳ್ಳುತ್ತದೆ.

ವೈರನ್ನು ಭುಜದ ಮೇಲೆ ಹಾಕಿಕೊಳ್ಳಿ, ಬಣ್ಣದ ಮೇಲೆ ಎಳೆದಾಡಬಾರದು. ಕರೆಂಟ್ ಹೋದರೆ ಮೊದಲು ಸ್ವಿಚ್ಚಿನ ಲಾಕ್ ಬಿಡಿಸಿ. ಬಾನೆಟ್ ಮೇಲೆ ಇಟ್ಟುಹೋದ ಮೆಷೀನ್, ಕರೆಂಟ್ ಬಂದಾಗ ತಾನೇ ಓಡತೊಡಗಿ ಕೆಳಗೆ ಉರುಳುತ್ತದೆ.

ಪ್ರತಿ ಚೌಕ ಮುಗಿದ ಮೇಲೆ, ಮೆಷೀನ್ ಕಡಿಮೆ ವೇಗದಲ್ಲಿ ತಿರುಗುತ್ತಿರುವಾಗ ನೈಲಾನ್ ಬ್ರಷ್ಷನ್ನು ಪ್ಯಾಡಿಗೆ ಹಿಡಿಯಿರಿ, ಗಟ್ಟಿಯಾದ ಪುಡಿ ಉದುರುತ್ತದೆ. ಮೈಕ್ರೋಫೈಬರ್‌ಗೆ ಕಂಪ್ರೆಸರ್ ಗಾಳಿ ಇದ್ದರೆ ಇನ್ನೂ ಒಳ್ಳೆಯದು. ಎರಡು ಪ್ಯಾನೆಲ್ ಆದ ಮೇಲೆ ಪ್ಯಾಡ್ ಬದಲಿಸಿ.

ಪ್ಯಾಡ್ ಸುಮ್ಮನೆ ಕೆಡುವುದಿಲ್ಲ, ಮೊದಲು ಹೇಳುತ್ತದೆ. ಬಿಳಿ ಪುಡಿ ಹಾರತೊಡಗಿದರೆ ಪ್ಯಾಡ್ ಒಣಗಿದೆ ಅಥವಾ ಪ್ಯಾನೆಲ್ ಬಿಸಿಯಾಗಿದೆ. ಒಂದು ಹನಿ ಸೇರಿಸಿ ನೋಡಿ, ನಿಲ್ಲದಿದ್ದರೆ ನೆರಳು ಸಾಲದು. ಒರೆಸಿದರೂ ಜಿಗುಟು ಬಿಡದೆ ಬಟ್ಟೆಗೆ ಅಂಟಿದರೆ ಪ್ಯಾಡ್ ತುಂಬಿಹೋಗಿದೆ, ಬದಲಿಸಿ. ಮೆಷೀನ್ ಕುಪ್ಪಳಿಸಿದರೆ ಓರೆ ಹಿಡಿದಿದ್ದೀರಿ ಅಥವಾ ದ್ರವ ಒಂದೇ ಕಡೆ ಗುಡ್ಡೆಯಾಗಿದೆ. ಅಂಗೈ ಇಟ್ಟರೆ ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಬಿಸಿಯಾದರೆ ಬೇರೆ ಪ್ಯಾನೆಲ್‌ಗೆ ಹೋಗಿ. ಪ್ಯಾಡಿನ ನಡುಭಾಗ ಮೆತ್ತಗಾಗಿ ಕುಸಿದಿದ್ದರೆ, ವೆಲ್ಕ್ರೋ ಅಂಚಿನಲ್ಲಿ ಬಿಟ್ಟುಕೊಳ್ಳುತ್ತಿದ್ದರೆ ಬಿಸಿ ಒಳಗೆ ಸೇರಿದೆ. ಆ ಪ್ಯಾಡನ್ನು ತಕ್ಷಣ ತೆಗೆಯಿರಿ, ಓಡುವಾಗ ಕಳಚಿದರೆ ಬರಿ ಪ್ಲೇಟ್ ಬಣ್ಣಕ್ಕೆ ಇಳಿಯುತ್ತದೆ.

ಎಲ್ಲಕ್ಕಿಂತ ಗಂಭೀರ ಸೂಚನೆ, ಪ್ಯಾಡಿನ ಮೇಲೆ ಕಾರಿನ ಬಣ್ಣ ಕಾಣುವುದು. ಕೆಂಪು ಕಾರಿನ ಪ್ಯಾಡ್ ಕೆಂಪಾದರೆ ತಕ್ಷಣ ನಿಲ್ಲಿಸಿ. ಕ್ಲಿಯರ್‌ಕೋಟ್ ಇಲ್ಲದ ಹಳೆ ಕಾಲದ ಬಣ್ಣವಾಗಿದ್ದರೆ ಅದು ಸಹಜ, ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಉಜ್ಜಿ ಖಚಿತಮಾಡಿಕೊಳ್ಳಬಹುದು. ಕ್ಲಿಯರ್‌ಕೋಟ್ ಇರುವ ಕಾರಿನಲ್ಲಿ ಹೀಗಾದರೆ ಅದು ಆ ಜಾಗದಲ್ಲಿ ಮುಗಿದಿದೆ. ಅಲ್ಲಿಗೆ ಇನ್ನು ಪೇಂಟರ್ ಬೇಕು, ಪ್ಯಾಡ್ ಅಲ್ಲ.

## ಹಂತ 9: ವ್ಯಾಕ್ಸ್

ಮೊದಲು ಬಾಟಲಿ ಓದಿ. ಕ್ಲೀನರ್ ವ್ಯಾಕ್ಸ್ ಎಂದಿದ್ದರೆ ಅದರಲ್ಲಿ ಉಜ್ಜುವ ಕಣಗಳಿವೆ, ಅದಕ್ಕೆ ಪಾಲಿಶಿಂಗ್ ಅಥವಾ ಫಿನಿಶಿಂಗ್ ಫೋಮ್ ಬೇಕು. ಹಂತ 7, 8 ಸರಿಯಾಗಿ ಮಾಡಿದ ಕಾರಿಗೆ ಅದರ ಅಗತ್ಯವೇ ಇಲ್ಲ, ಶುದ್ಧ ವ್ಯಾಕ್ಸ್ ತೆಗೆದುಕೊಳ್ಳಿ.

ಇಡೀ ಕಾರನ್ನು ಆಲ್ಕೊಹಾಲ್ ಸ್ಪ್ರೇಯಿಂದ ಒರೆಸಿ. ಕಾಂಪೌಂಡ್ ಕಾಣದ ಮೀಸಲು ಪ್ಯಾಡ್ ಹಾಕಿ. ತೊಳೆದ ಕಟಿಂಗ್ ಪ್ಯಾಡಾದರೂ ಬೇಡ, ಒಳಗೆ ಉಳಿದ ಕಣ ನಿಮ್ಮ ಕೆಲಸವನ್ನೆಲ್ಲ ಗೀರುತ್ತದೆ. ದ್ರವ ವ್ಯಾಕ್ಸ್ ಆದರೆ ಒಂದು ಡೋರ್‌ಗೆ ನಾಲ್ಕು ಬಟಾಣಿ ಹನಿ. ಡಬ್ಬಿಯ ಗಟ್ಟಿ ವ್ಯಾಕ್ಸ್ ಆದರೆ ಪ್ಯಾಡನ್ನು ಅದರ ಮೇಲಿಟ್ಟು ಕೈಯಿಂದ ಎರಡು ಸಲ ತಿರುವಿದರೆ ಸಾಕು. ಡಯಲ್ 1ರಿಂದ 2, ಒತ್ತಡ ಸೊನ್ನೆ. ಇಲ್ಲಿ ಕೈ ಬೇಗ ಸಾಗಬಹುದು, ಎರಡು ಸುತ್ತು ಸಾಕು. ಪದರ ಎಷ್ಟು ತೆಳ್ಳಗಿರಬೇಕೆಂದರೆ ಓರೆಯಾಗಿ ನೋಡಿದರಷ್ಟೇ ಉಸಿರು ಬಿಟ್ಟ ಗಾಜಿನಂತೆ ಕಾಣಬೇಕು. ದಪ್ಪ ಹಚ್ಚಿದರೆ ರಕ್ಷಣೆ ಹೆಚ್ಚುವುದಿಲ್ಲ, ತೆಗೆಯುವ ಕಷ್ಟ ಮಾತ್ರ ಹೆಚ್ಚುತ್ತದೆ.

ಒಣಗಿದೆಯೇ ಎಂದು ತಿಳಿಯಲು ಶುಚಿಯಾದ ಬೆರಳಿನಿಂದ ಒಮ್ಮೆ ಗೀರಿ. ಬೆರಳು ಹೋದ ಜಾಗ ತಿಳಿಯಾಗಿ ಹೊಳೆದರೆ ಒರೆಸಬಹುದು, ಎಣ್ಣೆಯಂತೆ ಹರಡಿದರೆ ಕಾಯಿರಿ. ಬಳ್ಳಾರಿಯ ಒಣ ಹವೆಯಲ್ಲಿ ಬೇಗ ಆಗುವುದು ಮಂಗಳೂರಿನ ಮಳೆಗಾಲದಲ್ಲಿ ಬಹಳ ಹೊತ್ತು ಹಿಡಿಯುತ್ತದೆ, ಹಾಗಾಗಿ ಗಡಿಯಾರ ಬಿಟ್ಟು ಬೆರಳನ್ನು ನಂಬಿ. ಒರೆಸುವುದು ಕೈಯಿಂದಲೇ, ನಾಲ್ಕು ಮಡಿಕೆ ಮಾಡಿದ ಮೈಕ್ರೋಫೈಬರ್ ಬಟ್ಟೆಯಲ್ಲಿ, ಮಡಿಕೆ ತಿರುವುತ್ತ. ಮೆಷೀನಿಗೆ ಪ್ಯಾಡ್ ಹಾಕಿ ವ್ಯಾಕ್ಸ್ ತೆಗೆಯಲು ಹೋದರೆ ಮತ್ತೆ ಗೆರೆ. ಕಪ್ಪು ಪ್ಲಾಸ್ಟಿಕ್ ಮೇಲೆ ವ್ಯಾಕ್ಸ್ ಕೂತರೆ ಬೆಳ್ಳಗೆ ಒಣಗಿ ಹಟ ಹಿಡಿಯುತ್ತದೆ, ಆದ್ದರಿಂದ ಟೇಪ್ ಕೊನೆಯವರೆಗೂ ಇರಲಿ.

## ಹಂತ 10: ಪ್ಯಾಡ್ ತೊಳೆಯುವುದು

ಅದೇ ದಿನ ತೊಳೆಯಿರಿ. ಒಣಗಿದ ಕಾಂಪೌಂಡ್ ಫೋಮಿನೊಳಗೆ ಗಾರೆಯಂತೆ ಕೂರುತ್ತದೆ. ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಅರ್ಧ ಗಂಟೆ ನೆನೆಸಿ, ಹೆಬ್ಬೆರಳಿನಿಂದ ನಡುವಿನಿಂದ ಅಂಚಿಗೆ ಒತ್ತುತ್ತ ಕೊಳೆ ಹೊರಡಿಸಿ. ನೀರು ತಿಳಿಯಾಗುವವರೆಗೆ ಮಾಡಿ. ಬಟ್ಟೆಯಂತೆ ಹಿಂಡಿ ತಿರುಚಬೇಡಿ, ವೆಲ್ಕ್ರೋ ಅಂಟು ಬಿಡುತ್ತದೆ. ಕುದಿಯುವ ನೀರು, ಬಟ್ಟೆ ಮೆದುಗೊಳಿಸುವ ಕಂಡೀಷನರ್, ಸುಡುಬಿಸಿಲು ಮೂರೂ ಬೇಡ. ವ್ಯಾಕ್ಸ್ ಪ್ಯಾಡನ್ನು ಬೇರೆ ಬಕೆಟ್‌ನಲ್ಲಿ ತೊಳೆಯಿರಿ.

ಎರಡು ಅಂಗೈ ನಡುವೆ ಒತ್ತಿ ನೀರು ತೆಗೆದು, ಪ್ಯಾಡನ್ನು ನೆರಳಿನಲ್ಲಿ ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿ ಒಣಗಿಸಿ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲವಾದರೆ ಫ್ಯಾನ್ ಕೆಳಗೆ ಒಂದು ರಾತ್ರಿಗೆ ಸಾಲದು, ಎರಡು ದಿನ ಬಿಡಿ. ಒಳಗೆ ತೇವ ಉಳಿದು ಡಬ್ಬಿ ಸೇರಿದ ಪ್ಯಾಡ್ ಬೂಷ್ಟು ಹಿಡಿಯುತ್ತದೆ.

ಒಣಗಿದ ಮೇಲೆ ಒಮ್ಮೆ ಬಗ್ಗಿಸಿ ನೋಡಿ. ಫೋಮ್ ಪುಡಿ ಉದುರಿದರೆ, ಅಂಚು ಸೀಳಿದ್ದರೆ, ಒತ್ತಿದ ಗುಳಿ ಮೇಲೆ ಬಾರದಿದ್ದರೆ ಎಸೆಯಿರಿ. ಚೆನ್ನಾಗಿದ್ದರೆ ಹಿಂಬದಿಯ ವೆಲ್ಕ್ರೋ ಅಂಚಿನಲ್ಲಿ ಮಾರ್ಕರ್‌ನಿಂದ ಕಾಂಪೌಂಡ್, ಪಾಲಿಶ್, ವ್ಯಾಕ್ಸ್ ಎಂದು ಬರೆದು, ಪ್ರತಿಯೊಂದನ್ನೂ ಬೇರೆ ಜಿಪ್ ಕವರಿನಲ್ಲಿ ಹಾಕಿಡಿ.